ಗಣಕಯಂತ್ರ ಅರ್ಜಿಯನ್ನು ತಿರಸ್ಕರಿಸುವುದೇಕೆ?

ಒಂದೇ ಊರಿನಲ್ಲಿ ಇಬ್ಬರು ನಂಜಮ್ಮ, ಮೂವರು ಸಿದ್ದೇಗೌಡರು ಇರುವುದು ಹೊಸದೇನಲ್ಲ. ಕಾರ್ಯದರ್ಶಿಗಳಿಗೆ ಮುಖ ನೋಡಿದರೆ ಗೊತ್ತಾಗುತ್ತದೆ, ಗಣಕಯಂತ್ರಕ್ಕೆ ಗೊತ್ತಾಗದು. ಆದ್ದರಿಂದ ಅದು ಹೆಸರನ್ನು ನಂಬದೆ ಸದಸ್ಯತ್ವ ಸಂಖ್ಯೆಯನ್ನು ನೋಡುತ್ತದೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ 'ಈಗಾಗಲೇ ನೋಂದಣಿಯಾಗಿದೆ' ಎಂದು ತಡೆಯುತ್ತದೆ. ಇದು ನಿಮ್ಮ ಮೇಲಿನ ಆರೋಪವಲ್ಲ. ತಡೆಯದಿದ್ದರೆ ಒಬ್ಬರ ಹಾಲಿನ ಹಣ ಇನ್ನೊಬ್ಬರ ಖಾತೆಗೆ ಹೋದೀತು.

ಬ್ಯಾಂಕಿನ ಐ.ಎಫ್.ಎಸ್.ಸಿ. ಸಂಕೇತದಲ್ಲಿ 11 ಅಕ್ಷರ-ಅಂಕಿಗಳಿರಬೇಕು. ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ 'ಓ' ಅಲ್ಲ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಒಂದು ಅಂಕಿ ತಪ್ಪಿದರೂ ಅರ್ಜಿ ನಿಲ್ಲುತ್ತದೆ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಸಂಕೇತ ಈಗ ನಡೆಯದು. ಹೊಸ ಪಾಸ್‌ಪುಸ್ತಕವನ್ನೇ ಸಂಘಕ್ಕೆ ತನ್ನಿರಿ, ಬಾಯಿಮಾತಿನಲ್ಲಿ ಅಂಕಿ ಬರೆಸಬೇಡಿರಿ.