ಮೂರ್ತಿ ಮಾಡುವ ಕೈಗೆ ತುರಿಕೆ ಬಾರದಿರಲಿ

ಚೌತಿಗೆ ಮುಂಚೆ ಎಂಟು ವರ್ಷದ ಹುಡುಗನೊಬ್ಬನನ್ನು ತಾಯಿ ಗಾಬರಿಯಿಂದ ನನ್ನಲ್ಲಿಗೆ ಕರೆತಂದರು. ಮೈಯೆಲ್ಲ ದದ್ದು, ಜೊತೆಗೆ ಉಬ್ಬಸ. ಕಾಗದ ನೆನೆಸಿ ಗಣಪನ ಮೂರ್ತಿ ಮಾಡುತ್ತಿದ್ದನಂತೆ. 'ರಾಸಾಯನಿಕ ಏನೂ ಹಾಕಿಲ್ಲ ಡಾಕ್ಟರೇ' ಎಂದರು. ಅಂಟಿಗೆ ಹಾಕಿದ್ದು ಮೈದಾ. ಹುಡುಗನಿಗೆ ಗೋಧಿ ಆಗದು ಎಂಬುದು ಅವರಿಗೆ ಗೊತ್ತಿತ್ತು. ಊಟದಲ್ಲಿ ಬಿಡಿಸಿದ್ದರು, ಆಟದಲ್ಲಿ ಮರೆತಿದ್ದರು! ಚಿಕಿತ್ಸೆಯಿಂದ ಹುಡುಗ ಚೇತರಿಸಿಕೊಂಡ.

ನಿರುಪದ್ರವಿ ವಸ್ತುವನ್ನು ದೇಹ ಶತ್ರುವೆಂದು ತಪ್ಪಾಗಿ ತಿಳಿಯುವುದೇ ಅಲರ್ಜಿ. ಆದ್ದರಿಂದ ವಸ್ತು ನೈಸರ್ಗಿಕವೇ ಎಂದು ಕೇಳಿದರೆ ಸಾಲದು. ಮಾಡುವವರ ಮೈಗೆ ಒಗ್ಗುತ್ತದೆಯೇ ಎಂದು ಕೇಳಬೇಕು.

ಬಣ್ಣ ಬೆರೆಸದ ಜೇಡಿಮಣ್ಣು ಹೆಚ್ಚಿನವರಿಗೆ ಒಗ್ಗುತ್ತದೆ. ಬೂಸ್ಟು ಹಿಡಿದ ಹಳೆಯ ಮಣ್ಣು ಮಾತ್ರ ಆಸ್ತಮಾ ಇರುವವರಿಗೆ ಬೇಡ. ಒಣಮಣ್ಣಿನ ದೂಳಿನಲ್ಲಿ ಸಿಲಿಕಾ ಇರುವುದರಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಕಾಗದದ ಮೂರ್ತಿಗೆ ಅಂಟು ಬೇಕೆ? ಗೋಧಿ ಆಗದವರು ಹುಣಸೆಬೀಜದ ಅಂಟು ಬಳಸಬಹುದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರಿಗೆ ಇದು ಹಳೆಯ ಪರಿಚಯ. ಅಂಗಡಿಯ ಬಣ್ಣದ ಹಿಟ್ಟಿನಲ್ಲೂ ಗೋಧಿ ಇರಬಹುದು, ಲೇಬಲ್ ಓದಿ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೊಂದರೆ ಬೇರೆ. ನೀರು ಬೆರೆತಾಗ ಅದು ಬಿಸಿಯಾಗುತ್ತದೆ. ದಪ್ಪ ಮುದ್ದೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಮಕ್ಕಳ ಕೈಯನ್ನು ಅದರೊಳಗೆ ಅದ್ದಿಸಿ ಅಚ್ಚು ತೆಗೆಯಲೇಬೇಡಿ. ಮುಳುಗಿಸುವ ಮೂರ್ತಿಗೆ ಇದನ್ನು ಬಳಸಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹೆಚ್ಚು ಎಚ್ಚರ ಬೇಕಾದುದು ಎರಡು ಭಾಗ ಬೆರೆಸುವ ಎಪಾಕ್ಸಿಗೆ. ಮೊದಲ ಸಲ ಏನೂ ಆಗದಿರಬಹುದು. ಒಮ್ಮೆ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ತುರಿಕೆಯೂ ಒಂದೆರಡು ದಿನ ಬಿಟ್ಟು ಕಾಣಿಸುವುದರಿಂದ ಕಾರಣ ತಿಳಿಯುವುದೇ ಇಲ್ಲ. ಮಕ್ಕಳಿಗೆ ಇದು ಬೇಡ. ದೊಡ್ಡವರು ನೈಟ್ರೈಲ್ ಕೈಗವಸು ಹಾಕಿ, ಗಾಳಿಯಾಡುವ ಕಡೆ ಕುಳಿತು ಬಳಸಲಿ. ಕೆಲವರಿಗೆ ರಬ್ಬರ್ ಲೇಟೆಕ್ಸ್ ಗವಸೇ ಆಗುವುದಿಲ್ಲ.

ಕೈ ತುರಿಸಿದರೆ ಕೆಲಸ ನಿಲ್ಲಿಸಿ ಸೋಪು ನೀರಿನಿಂದ ತೊಳೆಯಿರಿ. ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಧಾವಿಸಿ. ಬಳಸಿದ ವಸ್ತುವಿನ ಪೊಟ್ಟಣವೂ ಜೊತೆಗಿರಲಿ. ವೈದ್ಯರಿಗೆ ಅದು ಅರ್ಧ ಉತ್ತರ ಹೇಳುತ್ತದೆ.

ಆ ಹುಡುಗ ಮರುವರ್ಷವೂ ಗಣಪನನ್ನು ಮಾಡಿದ, ಜೇಡಿಮಣ್ಣಿನಲ್ಲಿ. ಸೊಂಡಿಲು ತುಸು ಡೊಂಕು; ಕೈಗಳಲ್ಲಿ ಒಂದು ದದ್ದೂ ಇರಲಿಲ್ಲ.