ಸಾರ್ವಜನಿಕ ಕರ್ಮಶಾಲೆಯ ಆಡಳಿತ ಮಂಡಳಿಗೆ ನಿಲ್ಲುವ ವಿಚಾರ

ನಮ್ಮ ಶಾಲೆಯಲ್ಲಿ ಓದಿದ ಸೋದರಿಯರಲ್ಲಿ ಲೆಕ್ಕ ಬಲ್ಲವರಿಗೂ ಬರವಣಿಗೆ ಬಲ್ಲವರಿಗೂ ಕೊರತೆಯಿಲ್ಲ. ಆದರೂ ಊರಿನ ಸಂಘವೊಂದರ ಆಡಳಿತ ಮಂಡಳಿಗೆ ಹೆಸರು ಕೊಡಿರೆಂದರೆ ಅನೇಕರು ಹಿಂಜರಿಯುವರು. ಕೆಲವೆಡೆ ಹೆಸರು ಹೆಂಗಸಿನದು, ಸಭೆಗೆ ಹೋಗುವವರು ಮನೆಯ ಗಂಡಸರು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರಿಸುವುದು ಉಚಿತವೆಂದು ಭಾವಿಸುತ್ತೇವೆ.

ಈಚೆಗೆ ಹಲವು ದೇಶಗಳಲ್ಲಿ ಮೇಕರ್‌ಸ್ಪೇಸ್ ಎಂಬ ಸಾರ್ವಜನಿಕ ಕರ್ಮಶಾಲೆಗಳು ಹುಟ್ಟಿಕೊಂಡಿವೆ. ಒಬ್ಬರಿಂದ ಕೊಳ್ಳಲಾಗದ ಲೇತು, ಬೆಸುಗೆಯ ಯಂತ್ರ, ಹೊಲಿಗೆಯಂತ್ರ, ಗಣಕಯಂತ್ರಗಳನ್ನು ಅಲ್ಲಿ ಸದಸ್ಯರು ವಂತಿಗೆ ಕೊಟ್ಟು ಸಮಾನವಾಗಿ ಬಳಸುವರು. ಲಾಭರಹಿತವಾದ ಶಾಲೆಯಾದರೆ ಉಳಿದ ಹಣವನ್ನು ಯಾರೂ ಹಂಚಿಕೊಳ್ಳದೆ ಶಾಲೆಗೇ ವಿನಿಯೋಗಿಸತಕ್ಕದ್ದು. ಇದು ಪಟ್ಟಣಗಳಿಗೆ ಮಾತ್ರ ಸಲ್ಲುವುದೆಂದು ತಿಳಿಯಬಾರದು. ಯಾಕಂದರೆ ಮಹಾರಾಷ್ಟ್ರದ ಪಾಬಳ ಗ್ರಾಮದ ವಿಜ್ಞಾನ ಆಶ್ರಮದಲ್ಲಿ ೨೦೦೨ರಲ್ಲಿಯೇ ಫ್ಯಾಬ್ ಲ್ಯಾಬ್ ಎಂಬ ಇಂಥ ಕರ್ಮಶಾಲೆ ಆರಂಭವಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರಿನಲ್ಲಿ ಟ್ರ್ಯಾಕ್ಟರು, ಪಂಪುಗಳ ರಿಪೇರಿಗೂ, ಲಿಂಗಸುಗೂರು ಮಸ್ಕಿಗಳಲ್ಲಿ ಹೊಲಿಗೆ ಬಡಗಿ ಕೆಲಸಗಳಿಗೂ ಇದು ಎಷ್ಟು ಉಪಯುಕ್ತವಾದೀತೆಂಬುದನ್ನು ಓದುಗರೇ ಊಹಿಸಬಲ್ಲರು.

ಕೂಡಿ ನಡೆಸುವ ರೂಢಿಯು ನಮ್ಮ ನಾಡಿಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ರೈತರ ಪತ್ತಿನ ಸಹಕಾರ ಸಂಘವು ಸ್ಥಾಪಿಸಲ್ಪಟ್ಟಿತು. ಇನ್ನು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, ೧೯೬೦ರ ಮೇರೆಗೆ ಏಳು ಮಂದಿ ಕೂಡಿದರೆ ಸಂಘವೊಂದನ್ನು ನೋಂದಾಯಿಸಬಹುದು. ಅಂಥ ಸಂಘವು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಿಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಒಪ್ಪಿಸತಕ್ಕದ್ದು.

ಮಂಡಳಿಗೆ ನಿಲ್ಲಬಯಸುವವಳು ಮೊದಲು ಸಂಘದ ಉಪನಿಯಮಗಳನ್ನು ಓದಲಿ. ಎಷ್ಟು ಕಾಲ ಸದಸ್ಯಳಾಗಿರಬೇಕು, ಸೂಚಕರು ಅನುಮೋದಕರು ಬೇಕೋ, ನಾಮಪತ್ರಕ್ಕೆ ಕಡೆಯ ದಿನ ಯಾವುದು ಎಂಬುದು ಅಲ್ಲಿರುತ್ತದೆ. ಬಳಿಕ ಹಿಂದಿನ ಎರಡು ಮೂರು ವರ್ಷಗಳ ಜಮಾಖರ್ಚು, ನಡಾವಳಿ ಪುಸ್ತಕ, ಸಾಮಾನುಗಳ ದಾಖಲೆ, ಕಟ್ಟಡದ ಬಾಡಿಗೆ ಪತ್ರ ಇವನ್ನು ನೋಡಲಿ. ಯಂತ್ರ ಕೊಂಡ ಖರ್ಚು ಬರೆದಿದ್ದು, ಅದರ ದುರಸ್ತಿಗೆ ಹಣವಿಡದಿದ್ದರೆ ಮುಂದೆ ತೊಂದರೆಯುಂಟೆಂದು ಅರಿಯಬೇಕು. ಗರಗಸದ ಮುಂದೆ ಕೈಗೆ ಗಾಯವಾದರೆ ಹೊಣೆ ಯಾರದೆಂದೂ ಕೇಳಬೇಕು.

ಸದಸ್ಯರ ಮುಂದೆ ಮಾತನಾಡುವಾಗ ದೊಡ್ಡ ಆಶ್ವಾಸನೆಗಳು ಬೇಡ. ತಿಂಗಳಿಗೆ ಎಷ್ಟು ಹೊತ್ತು ಕೊಡಬಲ್ಲೆ, ಯಾವ ಕೆಲಸ ಬಲ್ಲೆ, ಯಾವ ಒಂದು ಕೊರತೆಯನ್ನು ಸರಿಪಡಿಸುವೆ ಎಂದಷ್ಟೇ ಹೇಳಿದರೆ ಸಾಕು. ತನ್ನ ಮನೆಯವರ ಅಂಗಡಿಯಿಂದಲೇ ಸಂಘವು ಕಬ್ಬಿಣವನ್ನೋ ಮರವನ್ನೋ ಕೊಳ್ಳುವುದಿದ್ದರೆ ಅದನ್ನು ಮೊದಲೇ ತಿಳಿಸಿ, ಆ ನಿರ್ಣಯದಿಂದ ದೂರವಿರುವುದು ಯೋಗ್ಯ. ಮತಗಳು ಕಡಿಮೆಯಾಗಿ ಸೋತರೂ ಸದಸ್ಯತ್ವ ಉಳಿದೇ ಇರುವುದು. ಲೆಕ್ಕ ಕೇಳುವ ಅಧಿಕಾರ ಸದಸ್ಯಳಿಗೂ ಉಂಟು.

ತಂದೆತಾಯಿಗಳಿಗೂ ಗಂಡಂದಿರಿಗೂ ನಮ್ಮದೊಂದು ವಿಜ್ಞಾಪನೆ. ಓದದ ಕಾಗದಕ್ಕೆ ರುಜು ಹಾಕಿರೆಂದು ಮಗಳನ್ನಾಗಲಿ ಸೊಸೆಯನ್ನಾಗಲಿ ಒತ್ತಾಯಿಸಬೇಡಿರಿ. ಲೆಕ್ಕ ತಪ್ಪಿದ ದಿನ ಉತ್ತರ ಹೇಳಬೇಕಾದವಳು ರುಜು ಹಾಕಿದವಳೇ. ೧೯೧೫ರಲ್ಲಿ ಮಸ್ಕಿಯ ಬಂಡೆಯ ಶಾಸನವು ಬೆಳಕಿಗೆ ಬಂದು, ಅಲ್ಲಿ ಅಶೋಕನೆಂಬ ಹೆಸರು ಕಂಡ ಬಳಿಕವೇ ದೇವಾನಾಂಪ್ರಿಯನೆಂಬ ಬಿರುದು ಆತನದೆಂದು ದೃಢವಾಯಿತು. ಬಿರುದಿನ ಹಿಂದೆ ಆಳು ಯಾರೆಂಬುದು ತಿಳಿಯಬೇಕಾದದ್ದು ಸಂಘದಲ್ಲಿಯೂ ಹಾಗೆಯೇ. ನಿರ್ದೇಶಕಿ ಎಂದು ಬರೆದ ಕಡೆ ಆಕೆಯೇ ಕುಳಿತಿರಲಿ, ಆಕೆಯೇ ಓದಿ ರುಜು ಹಾಕಲಿ ಎಂದು ಹಾರೈಸುತ್ತೇವೆ.