ಗ್ರಂಥಋಣದ ಲೆಕ್ಕ

ಸಂಶೋಧನ ಲೇಖನವೊಂದನ್ನು ಕೈಗೆತ್ತಿಕೊಂಡ ಸಾಮಾನ್ಯ ವಾಚಕನು ಅದರ ಕಡೆಯ ಪುಟಗಳಿಗೆ ಬಂದೊಡನೆ, ಮಜ್ಜಿಗೆಯನ್ನ ಮುಗಿಸಿ ಪಂಕ್ತಿಯಿಂದ ಎದ್ದವನಂತೆ, ಹೊತ್ತಗೆಯನ್ನು ಮುಚ್ಚಿಡುವುದು ಲೋಕರೂಢಿ. ಸಣ್ಣ ಅಕ್ಷರಗಳಲ್ಲಿ ಹೆಸರು, ಇಸವಿ, ಸಂಪುಟ, ಪುಟ ಎಂದು ಒತ್ತೊತ್ತಾಗಿ ಅಚ್ಚಾಗಿರುವ ಆ ಪಟ್ಟಿಯಲ್ಲಿ ತನಗೆ ಬೇಕಾದುದೇನೂ ಇಲ್ಲವೆಂಬುದು ಅವನ ಎಣಿಕೆ. ಆದರೆ ಪಳಗಿದ ವಿದ್ವಾಂಸರು ಆ ಪಟ್ಟಿಯಿಂದಲೇ ಓದಲಾರಂಭಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಬರೆದವನು ಯಾರನ್ನು ಓದಿದ್ದಾನೆ, ಯಾರನ್ನು ಓದಬೇಕಾಗಿದ್ದೂ ಓದಿಲ್ಲ, ಓದಿದೆನೆಂದು ಹೇಳಿಕೊಂಡುದನ್ನಾದರೂ ನಿಜವಾಗಿ ತೆರೆದು ನೋಡಿದ್ದಾನೆಯೆ ಎಂಬ ಸಂಗತಿಗಳೆಲ್ಲ, ಮುಖ್ಯಲೇಖನದ ಯಾವ ವಾಗ್ವೈಭವದಿಂದಲೂ ಮರೆಮಾಚಲಾಗದಂತೆ, ಅಲ್ಲಿ ಬಯಲಾಗುತ್ತವೆ.

ಕನ್ನಡದಲ್ಲಿ ಈ ಪಟ್ಟಿಗೆ ‘ಗ್ರಂಥಋಣ’ವೆಂಬ ಹೆಸರು ರೂಢಿಯಲ್ಲಿದೆ, ‘ಪರಾಮರ್ಶನ ಗ್ರಂಥಗಳು’ ಎಂದೂ ಬರೆಯುವುದುಂಟು. ನನಗೆ ಮೊದಲಿನದೇ ಹೆಚ್ಚು ಒಪ್ಪಿತ, ಏಕೆಂದರೆ ಋಣವೆಂಬುದು ಬರಿಯ ನಮಸ್ಕಾರದಿಂದ ತೀರುವಂಥದಲ್ಲ. ಯಾರಿಂದ, ಎಷ್ಟು, ಯಾವಾಗ ತಂದದ್ದೆಂಬ ಲೆಕ್ಕ ಬೇಕು. ವಿದ್ವತ್ಪತ್ರಿಕೆಗೆ ಕಳುಹಿಸುವ ಹಸ್ತಪ್ರತಿಯಲ್ಲಿ ಈ ಲೆಕ್ಕವು ಎರಡು ಕಡೆ ಬರುತ್ತದೆ: ಪರರ ಮಾತನ್ನೋ ವಿಚಾರವನ್ನೋ ಬಳಸಿಕೊಂಡ ಸ್ಥಳದಲ್ಲಿ ಒಂದು ಕಿರುಗುರುತು, ಕೊನೆಯಲ್ಲಿ ಅದರ ಪೂರ್ಣ ವಿವರ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಲೆಕ್ಕ ತಾಳೆಯಾಗದು.

ಇತಿಹಾಸ ಸಾಹಿತ್ಯಗಳ ಲೇಖಕರು ಬಹುಕಾಲದಿಂದ ಅಡಿಟಿಪ್ಪಣಿಯನ್ನೇ ನಚ್ಚಿಕೊಂಡವರು. ಲೇಖಕನ ಹೆಸರನ್ನೂ ಇಸವಿಯನ್ನೂ ಕಂಸದೊಳಗಿಟ್ಟು ವಾಕ್ಯದ ನಡುವೆಯೇ ಸೇರಿಸುವ ಪದ್ಧತಿಯ ಮೂಲವನ್ನು ಅರಸಿದವರು, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬಾತನು ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯನ್ನು ಕುರಿತು 1881ರಲ್ಲಿ ಬರೆದ ಲೇಖನದವರೆಗೆ ಹೋಗಿ ನಿಲ್ಲುತ್ತಾರೆ; ಇಂದು ಲೋಕವನ್ನೆಲ್ಲ ಸುತ್ತಿರುವ ‘ಹಾರ್ವರ್ಡ್ ಪದ್ಧತಿ’ ಹೊರಟದ್ದು ಹುಳುವಿನ ಬೆನ್ನೇರಿ. ಉಲ್ಲೇಖಗಳಿಗೆ ಅವು ಬಂದ ಕ್ರಮದಲ್ಲಿ 1, 2, 3 ಎಂದು ಅಂಕೆ ಕೊಡುವ ಇನ್ನೊಂದು ಪದ್ಧತಿಯು, ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸಭೆ ಸೇರಿ ಮಾಡಿದ ಕಟ್ಟಳೆಯಿಂದ ಆ ಊರಿನ ಹೆಸರನ್ನೇ ಪಡೆಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ್ದು, ‘ಎಪಿಎ’ ಎಂದು ನಮ್ಮ ಸಂಶೋಧನ ವಿದ್ಯಾರ್ಥಿಗಳು ದಿನಬೆಳಗಾದರೆ ಜಪಿಸುವುದು, 1929ರಲ್ಲಿ ಏಳು ಪುಟಗಳ ಒಂದು ಬರೆಹವಾಗಿ ಹುಟ್ಟಿ, ಈಗ 400 ಪುಟಗಳನ್ನು ಮೀರಿದ ಗ್ರಂಥವಾಗಿ ಬೆಳೆದಿದೆ. ಇಷ್ಟು ಬೆಳೆಯಬೇಕಾಗಿತ್ತೆ ಎಂಬ ಸಂದೇಹ ನನಗುಂಟು.

ಒಂದೇ ಲೇಖನವು ಈ ಪದ್ಧತಿಗಳಲ್ಲಿ ಹೇಗೆ ವೇಷ ಬದಲಿಸುತ್ತದೆಂಬುದನ್ನು ನೋಡಬಹುದು. ಬೆಳಕಿನ ಚದರಿಕೆಯನ್ನು ಕುರಿತು ರಾಮನ್ ಮತ್ತು ಕೃಷ್ಣನ್ ಪ್ರಕಟಿಸಿದ ಪ್ರಸಿದ್ಧ ಟಿಪ್ಪಣಿಯು ವ್ಯಾಂಕೂವರಿನ ರೀತಿಯಲ್ಲಿ ‘ರಾಮನ್ ಸಿವಿ, ಕೃಷ್ಣನ್ ಕೆಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್. ನೇಚರ್. 1928;121:501-2.’ ಎಂದಾಗುತ್ತದೆ. ಎಪಿಎ ರೀತಿಯಲ್ಲಾದರೋ ‘ರಾಮನ್, ಸಿ. ವಿ., ಮತ್ತು ಕೃಷ್ಣನ್, ಕೆ. ಎಸ್. (1928)’ ಎಂದು ಇಸವಿಯು ಮುಂದೆ ಬಂದು ಕಂಸದಲ್ಲಿ ಕುಳಿತುಕೊಳ್ಳುತ್ತದೆ. ಚುಕ್ಕೆ, ಅಲ್ಪವಿರಾಮಗಳ ಈ ವ್ಯತ್ಯಾಸಕ್ಕೆ ಯಾವ ತತ್ತ್ವವೂ ಇಲ್ಲ. ಯಾವ ಪತ್ರಿಕೆಗೆ ಕಳುಹಿಸುತ್ತೇವೆಯೋ ಆ ಪತ್ರಿಕೆಯ ಪದ್ಧತಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಪಾಲಿಸಿದರೆ ಸಾಕು. 121, 501 ಎಂಬ ಅಂಕೆಗಳು ಮಾತ್ರ ಯಾವ ವೇಷದಲ್ಲಿಯೂ ಬದಲಾಗಕೂಡದು.

ನಿಜವಾದ ತೊಡಕು ಹೆಸರುಗಳದು. ಕುಲನಾಮವನ್ನು ಮುಂದಿಟ್ಟು ಉಳಿದುದನ್ನು ಮೊದಲಕ್ಷರಗಳಾಗಿಸುವ ಪಾಶ್ಚಾತ್ಯ ನಿಯಮವನ್ನು ದಕ್ಷಿಣ ಭಾರತದ ಹೆಸರುಗಳ ಮೇಲೆ ಹೇರಿದರೆ ಅನರ್ಥವಾಗುತ್ತದೆ. ಬೆಂಗಳೂರಿನಲ್ಲಿ 1962ರಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರನ್ನು ಕಟ್ಟಿದ ಗ್ರಂಥಾಲಯ ವಿಜ್ಞಾನದ ಆಚಾರ್ಯ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಹೆಸರಿನಲ್ಲಿಯೇ ಶಿಯಾಳಿಯು ಊರು, ರಾಮಾಮೃತರು ತಂದೆ, ರಂಗನಾಥನ್ ಎಂಬುದೊಂದೇ ಅವರ ಸ್ವಂತದ ಹೆಸರು. ಕುಲನಾಮವೆಂಬುದು ಇಲ್ಲವೇ ಇಲ್ಲ. ನಮ್ಮಲ್ಲಿ ಬೇಂದ್ರೆ ಎಂಬುದು ಮನೆತನದ ಹೆಸರು, ಕುಪ್ಪಳಿಯ ಪುಟ್ಟಪ್ಪನವರಲ್ಲಿ ಪುಟ್ಟಪ್ಪ ಎಂಬುದು ಇಟ್ಟ ಹೆಸರು. ಅವರೇ ‘ಕುವೆಂಪು’ ಎಂದು ಮುದ್ರಿತರಾದ ಪುಸ್ತಕವನ್ನು ‘ಪುಟ್ಟಪ್ಪ’ನ ಅಡಿಯಲ್ಲಿ ಹುಡುಕುವ ವಾಚಕನ ಪಾಡನ್ನು ಯೋಚಿಸಬೇಕು. ಪುಸ್ತಕದ ಒಳಪುಟದಲ್ಲಿ ಹೇಗಿದೆಯೋ ಹಾಗೆಯೇ ಕೊಟ್ಟು, ಅಗತ್ಯವಾದರೆ ಇನ್ನೊಂದು ಹೆಸರಿನಿಂದ ‘ನೋಡಿ’ ಎಂದು ದಾರಿ ತೋರುವುದೇ ಲೇಸು.

ಕನ್ನಡದ ಪಟ್ಟಿಗಳಲ್ಲಿ ಇನ್ನೊಂದು ಗೊಂದಲ ‘ಸಂ.’ ಎಂಬ ಸಂಕ್ಷೇಪದ್ದು. ಅದು ಸಂಪಾದಕನೂ ಹೌದು, ಸಂಪುಟವೂ ಹೌದು, ಸಂಚಿಕೆಯೂ ಹೌದು. ಒಂದೇ ನಮೂದಿನಲ್ಲಿ ಮೂರು ಸಲ ಮೂರು ಅರ್ಥದಲ್ಲಿ ಬಂದುದನ್ನೂ ನಾನು ಕಂಡಿದ್ದೇನೆ. ಶಾಸನಗಳ ವಿಷಯದಲ್ಲಂತೂ ಎಚ್ಚರ ಹೆಚ್ಚು ಬೇಕು. ಬಿ. ಎಲ್. ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟವು ಹಾಸನ ಜಿಲ್ಲೆಯದು, ಮೈಸೂರು ವಿಶ್ವವಿದ್ಯಾಲಯವು ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅದೇ 5 ಮೈಸೂರಿನ ಕಡೆಯದು. ಆವೃತ್ತಿಯನ್ನು ಹೇಳದೆ ‘ಎ.ಕ. 5’ ಎಂದಷ್ಟೆ ಬರೆದವನು ಓದುಗನನ್ನು ಬೇಲೂರಿಗೆ ಕಳುಹಿಸಬೇಕಾದೆಡೆಯಲ್ಲಿ ತಿರುಮಕೂಡಲಿಗೆ ಕಳುಹಿಸಿದಂತಾಗುತ್ತದೆ. ಪಂಪಭಾರತದಂತಹ ಕಾವ್ಯಕ್ಕೆ ಪುಟಸಂಖ್ಯೆಗಿಂತ ಆಶ್ವಾಸ ಮತ್ತು ಪದ್ಯದ ಸಂಖ್ಯೆಯೇ ನಂಬುಗೆಯದು. ಮುದ್ರಣಗಳು ಬದಲಾದರೂ ಅದು ಅಷ್ಟಾಗಿ ಕದಲದು.

ಅಡಿಟಿಪ್ಪಣಿಯಲ್ಲಿ ‘ಅದೇ’ ಎಂದು ಬರೆಯುವ ಚಾಳಿಯಿಂದ ನಾನೇ ಒಮ್ಮೆ ನಗೆಪಾಟಲಾದೆ. ಕೆರೆಯ ದಾನವೊಂದನ್ನು ಹೇಳುವ ಶಾಸನದ ಕೆಳಗೆ ‘ಅದೇ, ಪು. 45’ ಎಂದಿತ್ತು, ಕಡೆಯ ಗಳಿಗೆಯಲ್ಲಿ ಅದರ ಮೇಲೆ ಹೊಸ ಟಿಪ್ಪಣಿಯೊಂದನ್ನು ತುರುಕಿದೆ. ಲೇಖನ ಅಚ್ಚಾಗಿ ಬಂದಾಗ, ಹನ್ನೆರಡನೆಯ ಶತಮಾನದ ದತ್ತಿಯು ನೀರಾವರಿ ವರದಿಯೊಂದರ 45ನೆಯ ಪುಟದಲ್ಲಿತ್ತು.

ಇಂತಹ ತಪ್ಪು ನಗೆಯಲ್ಲಿ ಮುಗಿಯುತ್ತದೆ. ಇನ್ನೊಂದು ಬಗೆಯದು ಹಾಗಲ್ಲ. ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು ಭೌತವಿಜ್ಞಾನದ ಪ್ರಸಿದ್ಧ ಲೇಖನವೊಂದಕ್ಕೆ ದೊರೆತ 4,300 ಉಲ್ಲೇಖಗಳನ್ನು ಶೋಧಿಸಲು, 196ರಲ್ಲಿ ಅಚ್ಚಿನ ತಪ್ಪುಗಳಿದ್ದವು; ಆದರೆ ಬೇರೆ ಬೇರೆಯಾದ ತಪ್ಪುಗಳು 45 ಮಾತ್ರ, ಒಂದೇ ತಪ್ಪು 78 ಕಡೆ ಮರುಕಳಿಸಿತ್ತು. ಮೂಲವನ್ನು ತೆರೆದು ಬರೆದಿದ್ದರೆ ಎಲ್ಲರೂ ಒಂದೇ ಬಗೆಯಾಗಿ ಎಡವುತ್ತಿದ್ದರೆ? ಉಲ್ಲೇಖಿಸಿದವರಲ್ಲಿ ಮೂಲವನ್ನು ಓದಿದವರು ಐವರಿಗೆ ಒಬ್ಬರೆಂದು 2003ರಲ್ಲಿ ಅವರು ಅಂದಾಜು ಮಾಡಿದರು. ಇದಕ್ಕೂ ಮಿಗಿಲಾದುದು, ಪ್ರಕಾಶನ ಸಂಸ್ಥೆಯೊಂದು ನಮೂದನ್ನು ಹೇಗೆ ಬರೆಯಬೇಕೆಂದು ತೋರಿಸಲು ಕಲ್ಪಿಸಿದ, ವಾನ್ ಡೆರ್ ಗೇರ್ ಮೊದಲಾದ ಮೂವರ ಹೆಸರಿನಲ್ಲಿದ್ದ ಮಾದರಿ ಲೇಖನದ ಕಥೆ. ಅಂತಹ ಲೇಖನವೇ ಇಲ್ಲ. ಆದರೂ ಅದು ಸುಮಾರು 400 ಸಂಶೋಧನ ಲೇಖನಗಳ ಗ್ರಂಥಋಣದಲ್ಲಿ ಸೇರಿಕೊಂಡಿತ್ತೆಂಬುದು 2017ರಲ್ಲಿ ಬೆಳಕಿಗೆ ಬಂತು. ಈಗ ಜೊಟೆರೊ ಮೊದಲಾದ ತಂತ್ರಾಂಶಗಳು ಚುಕ್ಕೆ ಕಂಸಗಳನ್ನು ಕ್ಷಣದಲ್ಲಿ ಒಪ್ಪವಾಗಿಸಿಕೊಡುತ್ತವೆ, 10ರಿಂದ ಮೊದಲಾಗುವ ‘ಡಿಒಐ’ ಸಂಖ್ಯೆಯು ಓದುಗನನ್ನು ನೇರವಾಗಿ ಲೇಖನದ ಬಾಗಿಲಿಗೆ ಒಯ್ಯುತ್ತದೆ. ಆದರೆ ತಪ್ಪು ಇಸವಿಯನ್ನು ತುಂಬಿದರೆ ಯಂತ್ರವು ಆ ತಪ್ಪನ್ನೇ ಒಪ್ಪವಾಗಿ ಹಿಂದಿರುಗಿಸುತ್ತದೆ.

ಆದುದರಿಂದ ಬರೆಯಹೊರಟವರಲ್ಲಿ ನನ್ನ ಬಿನ್ನಹವಿಷ್ಟೆ: ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸುವ ಮುನ್ನ, ಮುಖಪುಟವನ್ನಲ್ಲ, ಒಳಗೆ ಮುದ್ರಣದ ವಿವರವಿರುವ ಪುಟವನ್ನು ತೆರೆದು, ಲೇಖಕ, ಸಂಪಾದಕ, ಆವೃತ್ತಿ, ಇಸವಿಗಳನ್ನೂ ನಿಮಗೆ ಬೇಕಾದ ಪುಟಸಂಖ್ಯೆಯನ್ನೂ ಅಂದೇ ಗುರುತುಹಾಕಿಕೊಳ್ಳಿ. ಮರುಮುದ್ರಣದ ಇಸವಿಯನ್ನು ಮೊದಲ ಮುದ್ರಣದ್ದೆಂದು ಬರೆದುಬಿಡಬೇಡಿ.